ಯಾವ ಊರಿನವರು ನೀವು?

ನಮ್ಮ ಬೆಂಗಳೂರಿನಲ್ಲಿ ಈಗ ಮೈಗಳ್ಳರು ಯಾರೂ ಇಲ್ಲ. ಸರ್ವರ್ ಡೌನ್ ಆಗಿರುತ್ತೆ, ಅಷ್ಟೆ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಸರ್ವರ್ ಡೌನ್. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ, ‘ಸರ್ವರ್ ಬರ್ತಾ ಇಲ್ಲಮ್ಮ, ಸಂಜೆ ಬನ್ನಿ.’ ಪಾಸ್‌ಬುಕ್ ಎಂಟ್ರಿ ಮಾಡಿಸೋಣವೆಂದು ಬ್ಯಾಂಕಿನ ಸಾಲಿನಲ್ಲಿ ನಿಂತು ಕಿಟಕಿ ತಲುಪಿದರೆ ಒಳಗಿನಾಕೆ ಕನ್ನಡಕದ ಮೇಲಿಂದ ನೋಡಿ ಅದೇ ಮಂತ್ರ ಹೇಳುತ್ತಾರೆ. ಹಿಂದಿನ ಕಾಲದಲ್ಲಿ ‘ಸಾಹೇಬರು ಊಟಕ್ಕೆ ಹೋಗಿದ್ದಾರೆ’ ಎನ್ನುತ್ತಿದ್ದರು. ಆ ಮಾತಿನಲ್ಲಿ ಒಂದು ಆಸೆಯಿತ್ತು. ಎಷ್ಟೇ ಪಟ್ಟಾಗಿ ಕೂತರೂ ಊಟಕ್ಕೆ ಹೋದವರು ಕೈ ತೊಳೆದು ಏಳಲೇಬೇಕು. ಸರ್ವರ್ ಯಾವಾಗ ಏಳುತ್ತೆ, ಅದನ್ನು ಎಬ್ಬಿಸುವವರು ಯಾರು, ಮಲಗಿರುವುದಾದರೂ ಎಲ್ಲಿ ಎಂದು ಕೇಳಿ ನೋಡಿ. ‘ಮೇಲಿಂದಾನೇ ಹೋಗಿದೆ ಸಾರ್’ ಎನ್ನುತ್ತಾರೆ. ಮೇಲೆ ಎಂದರೆ ವಿಧಾನಸೌಧವೋ ವೈಕುಂಠವೋ ನಾವೇ ಊಹಿಸಿಕೊಳ್ಳಬೇಕು.

ನಿಜವಾಗಿಯೂ ಹೋಗುವುದುಂಟು, ಇಲ್ಲವೆನ್ನಬಾರದು. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಕುಂಟತೊಡಗಿ, ಸೈಟು ಕೊಂಡವರು, ಮಾರಿದವರು, ಸಾಕ್ಷಿ ಹಾಕಲೆಂದು ರಜೆ ಹಾಕಿ ಬಂದವರು ಎಲ್ಲರೂ ಪರದಾಡಿದರು. ಅದು ದಾಳಿ ಎಂದು ಆಮೇಲೆ ತಿಳಿಯಿತು. ಬೇಕೆಂದೇ ಸುಳ್ಳು ಕೋರಿಕೆಗಳನ್ನು ರಾಶಿರಾಶಿಯಾಗಿ ಸುರಿದು ಸರ್ವರ್‌ಗೆ ಉಸಿರುಕಟ್ಟಿಸಿದ್ದರು. ವಿಷಯ ಸೈಬರ್ ಪೊಲೀಸರ ತನಕ ಹೋಯಿತು. ಅಂಥದ್ದು ಅಪರೂಪ. ಬಹುಪಾಲು ದಿನಗಳಲ್ಲಿ ಸರ್ವರ್ ಗಟ್ಟಿಮುಟ್ಟಾಗಿ ಎದ್ದು ಕೂತೇ ಇರುತ್ತದೆ. ಅದನ್ನು ಹೋಗಿ ಕೇಳಬೇಕಾದವನಿಗೆ ದಾರಿ ಸಿಕ್ಕಿರುವುದಿಲ್ಲ, ಇಲ್ಲವೇ ಹೋದವನನ್ನು ಅದು ಮಾತಾಡಿಸಿರುವುದಿಲ್ಲ. ಈ ಸೂಕ್ಷ್ಮವೆಲ್ಲ ನನಗೆ ಗೊತ್ತಾದದ್ದು ನಮ್ಮ ರಸ್ತೆಯ ರಾಮೋತ್ಸವ ಸಮಿತಿಯ ದೆಸೆಯಿಂದ.

ರಾಮೋತ್ಸವ ಎಂದ ಕೂಡಲೇ ನಿಮಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲು ಕಣ್ಣಿಗೆ ಬಂದರೆ ನಾವು ಹೊಣೆಯಲ್ಲ. ಅಲ್ಲಿ ಶ್ರೀ ರಾಮಸೇವಾ ಮಂಡಳಿಯವರದು 1939ರಿಂದ ನಡೆದು ಬಂದ ದೊಡ್ಡ ಸಂಗೀತೋತ್ಸವ. ನಮ್ಮದು ಬಸವನಗುಡಿಯ ಒಂದು ಅಡ್ಡರಸ್ತೆಯಷ್ಟೇ ಅಗಲದ ಸಮಿತಿ. ಪಾನಕ, ಹೆಸರುಬೇಳೆ ಕೋಸಂಬರಿ, ನೀರುಮಜ್ಜಿಗೆ, ಸಂಜೆ ಮೈಕು ಯಾರ ಕೈಗೆ ಸಿಕ್ಕಿತೋ ಅವರ ಗಾಯನ. ಆದರೂ ವೆಬ್‌ಸೈಟ್ ಇದೆ. ಯಾಕೆ ಎಂದು ಕೇಳಬೇಡಿ. ಪಕ್ಕದ ರಸ್ತೆಯವರದ್ದಿದೆ.

ವೆಬ್‌ಸೈಟಿನಲ್ಲಿ ಸೇವೆ ಬುಕ್ ಮಾಡಬಹುದು. ಹೆಸರು, ಗೋತ್ರ, ನಕ್ಷತ್ರ, ಯಾವ ದಿನ, ಪಾನಕವೋ ಕೋಸಂಬರಿಯೋ. ಸಂಕಲ್ಪದಲ್ಲಿ ಒಬ್ಬರ ಗೋತ್ರ ಇನ್ನೊಬ್ಬರಿಗೆ ಹೇಳಿಬಿಟ್ಟರೆ ಆಗುವ ರಾದ್ಧಾಂತ ಬಲ್ಲವರೇ ಬಲ್ಲರು. ಹಾಗಾಗಿ ಪ್ರತಿ ಮನೆಯ ಗೋತ್ರ-ನಕ್ಷತ್ರವೂ ಡೇಟಾಬೇಸಿನಲ್ಲಿ ಭದ್ರ. ಅದಕ್ಕೆ ಮುಂಚೆ ಈ ಕೆಲಸವನ್ನೆಲ್ಲ ಮಾಡುತ್ತಿದ್ದದ್ದು ಖಜಾಂಚಿಗಳ ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ. ಆ ಪುಸ್ತಕ ಒಂದು ದಿನವೂ ಡೌನ್ ಆದದ್ದಿಲ್ಲ ಎಂದು ಅವರು ಪ್ರತಿ ಸಭೆಯಲ್ಲೂ ನೆನಪಿಸುತ್ತಾರೆ. ಅದೇ ಪುಸ್ತಕದಲ್ಲಿ ನವಮಿ ದಿನದ ಪಾನಕ ವರ್ಷವರ್ಷವೂ ಅವರ ಭಾವಮೈದುನರ ಹೆಸರಿಗೇ ಬರುತ್ತಿತ್ತು ಎಂಬುದನ್ನು ನೆನಪಿಸುವುದಿಲ್ಲ.

ಮೊದಲು ವೆಬ್‌ಸೈಟೂ ಡೇಟಾಬೇಸೂ ಒಂದೇ ಬಾಡಿಗೆ ಯಂತ್ರದಲ್ಲಿದ್ದವು. ಬಾಡಿಗೆ ಜಾಸ್ತಿಯಾಯಿತೆಂದು ವೆಬ್‌ಸೈಟನ್ನು ಮಾತ್ರ ಇನ್ನೊಂದು ಅಗ್ಗದ ಕಂಪನಿಯ ಯಂತ್ರಕ್ಕೆ ಸಾಗಿಸಿದರು. ಡೇಟಾಬೇಸಿಗೆ ಕೈ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಕೌಶಿಕರು ಭಾರದ್ವಾಜರಾಗಿ, ಭಾರದ್ವಾಜರು ಹರಿತಸರಾಗಿಬಿಟ್ಟರೆ ಯಾರು ಜವಾಬು ಹೇಳುವುದು? ಅದು ಇದ್ದಲ್ಲೇ ಇರಲಿ, ದೂರದಿಂದಲೇ ಮಾತಾಡಿಸೋಣ ಎಂದು ಠರಾವಾಯಿತು. ಎರಡು ಯಂತ್ರಗಳ ಬಾಡಿಗೆ ಸೇರಿ ಮೊದಲಿಗಿಂತ ಜಾಸ್ತಿಯಾಯಿತು ಎಂಬುದು ಲೆಕ್ಕಪರಿಶೋಧನೆಯ ದಿನ ಬರಬೇಕಾದ ವಿಷಯ, ಈಗ ಬೇಡ.

ಡೇಟಾಬೇಸ್ ಇರುವ ಹಳೆಯ ಯಂತ್ರ ಮುಂಬೈಯಲ್ಲಿದೆ. ‘ನಮ್ಮ ಗೋತ್ರ ನಕ್ಷತ್ರಕ್ಕೆ ಮುಂಬೈನಲ್ಲಿ ಏನ್ರೀ ಕೆಲಸ?’ ಎಂದು ಒಬ್ಬರು ಸಿಡುಕಿದರು. ವಿದ್ಯುತ್ ಮಂಡಳಿಯಿಂದ ನಿವೃತ್ತರಾದ ಇಂಜಿನಿಯರೊಬ್ಬರಿದ್ದಾರೆ ನಮ್ಮಲ್ಲಿ, ಇಂಥ ಸಂದರ್ಭಕ್ಕೇ ಸಭೆಗೆ ಬರುವವರು. ಗಂಟಲು ಸರಿಮಾಡಿಕೊಂಡರು. ‘ಸ್ವಾಮಿ, 1902ರಲ್ಲೇ ಶಿವನಸಮುದ್ರದ ಕರೆಂಟು 147 ಕಿಲೋಮೀಟರ್ ತಂತಿ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ ಬಂತು. ಇವತ್ತು ಬೆಳಿಗ್ಗೆ ನೀವು ಮಿಂದ ನೀರು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಪೈಪಿನಲ್ಲಿ ಗುಡ್ಡ ಹತ್ತಿ ಬಂದದ್ದು. ಈ ಊರಲ್ಲಿ ಹತ್ತಿರದ್ದು ಅಂತ ಇರೋದು ಗಾಂಧಿಬಜಾರ್ ಒಂದೇ.’ ಸಿಡುಕಿದವರು ಬಾಯಿ ಮುಚ್ಚಿದರು. ಇಂಜಿನಿಯರರು ಇನ್ನೂ ಹತ್ತು ನಿಮಿಷ ಶಿವನಸಮುದ್ರದಲ್ಲೇ ಇದ್ದರು.

ಯುಗಾದಿಯ ಒಬ್ಬಟ್ಟು ಅರಗುವ ಮೊದಲೇ ವೆಬ್‌ಸೈಟ್ ಕೈಕೊಟ್ಟಿತು. ರಾಮನ ಚಿತ್ರವಿಲ್ಲ, ಸೇವಾಪಟ್ಟಿಯಿಲ್ಲ. ಬೆಳ್ಳನೆಯ ಪುಟ, ಅದರಲ್ಲಿ ಇಂಗ್ಲಿಷಿನ ಒಂದೇ ಸಾಲು: ಡೇಟಾಬೇಸಿನೊಂದಿಗೆ ಸಂಪರ್ಕ ಸಾಧಿಸುವಲ್ಲಿ ದೋಷ. ನಮ್ಮ ಹಾಗೆ ವೆಬ್‌ಸೈಟ್ ನಡೆಸಲು ವರ್ಡ್‌ಪ್ರೆಸ್ ಬಳಸುವವರಿಗೆ ಈ ಸಾಲು ಬಾಯಿಪಾಠ. ಪ್ರಪಂಚದ ವೆಬ್‌ಸೈಟುಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ವರ್ಡ್‌ಪ್ರೆಸ್ ಮೇಲೆ ನಡೆಯುವುದರಿಂದ, ಈ ಒಂದು ವಾಕ್ಯವನ್ನು ಓದಿ ಹಣೆ ಚಚ್ಚಿಕೊಂಡವರ ಸಂಖ್ಯೆ ಯಾವ ಮಹಾಕಾವ್ಯದ ಓದುಗರಿಗೂ ಕಡಿಮೆಯಿರಲಾರದು. ಏನಾಗಿದೆ ಎಂದು ಅದು ಹೇಳುತ್ತೆ, ಯಾಕಾಗಿದೆ ಎಂದು ಹೇಳುವುದಿಲ್ಲ. ದಾರಿಹೋಕರಿಗೆಲ್ಲ ಒಳಗಿನ ಗುಟ್ಟು ಹೇಳಬಾರದೆಂಬ ಎಚ್ಚರಿಕೆ ಅದು, ಒಳ್ಳೆಯದೇ. ಆದರೆ ಕಾರಣ ಹೇಳದಿದ್ದರೆ ಬಸವನಗುಡಿಯವರು ಸುಮ್ಮನಿರುತ್ತಾರೆಯೇ? ಕೃಷ್ಣರಾವ್ ಪಾರ್ಕಿನ ಬೆಂಚಿನ ಮೇಲೆ ಸಂಜೆಯೊಳಗೆ ಕಾರಣಗಳು ತಯಾರಾದವು.

ಒಂದು, ಸ್ಥಳಾಂತರ ಮಾಡಿದ್ದು ಅಮಾವಾಸ್ಯೆಯ ದಿನ. ಯುಗಾದಿಗೆ ಮೊದಲಿನ ಅಮಾವಾಸ್ಯೆ, ಕೇಳಬೇಕೆ. ಎರಡು, ಜೆಸಿಬಿ. ಇದು ಬೆಂಗಳೂರಿನ ಸಾರ್ವಕಾಲಿಕ ಕಾರಣ. ಗಾಂಧಿಬಜಾರಿನ ಮುಖ್ಯರಸ್ತೆಯನ್ನು ಅಗೆದು ಹೊಸದಾಗಿ ಕಟ್ಟಿದಾಗಿನಿಂದ ನಮ್ಮವರಿಗೆ ಹಲ್ಲುನೋವಾದರೂ ಮೊದಲು ಜೆಸಿಬಿಯ ನೆನಪಾಗುತ್ತೆ. ಮುಂಬೈ ಯಂತ್ರಕ್ಕೂ ನಮ್ಮ ಮರಗಳ ಮೇಲೆ ನೇತಾಡುವ ಕರಿಯ ಕೇಬಲ್ಲುಗಳಿಗೂ ಏನೂ ಸಂಬಂಧವಿಲ್ಲ ಎಂದು ಇಂಜಿನಿಯರರು ಹೇಳಿದರೂ ಯಾರೂ ಒಪ್ಪಲಿಲ್ಲ. ಮೂರು, ಆಯುಧಪೂಜೆ. ಹಳೆಯ ಕಂಪನಿಯವರು ಪ್ರತಿ ವರ್ಷ ಸರ್ವರ್‌ಗಳಿಗೆ ಕುಂಕುಮ ಇಟ್ಟು ನಿಂಬೆಹಣ್ಣು ತುಳಿಸುತ್ತಿದ್ದರಂತೆ. ನಿಂಬೆಹಣ್ಣಿನ ಮೇಲೆ ಸರ್ವರನ್ನು ಹೇಗೆ ಓಡಿಸುತ್ತಾರೆ ಎಂದು ಒಬ್ಬರು ಕೇಳಿದ್ದಕ್ಕೆ ಚರ್ಚೆ ಬೇರೆ ಕಡೆ ತಿರುಗಿತು.

ಕೊನೆಗೆ ಎದುರು ಮನೆಯ ಹುಡುಗನನ್ನು ಕರೆಸಿದರು. ಹುಡುಗ ಎಂದರೆ ನಲವತ್ತರ ಹತ್ತಿರ, ತಲೆ ಅರ್ಧ ನರೆತಿದೆ, ಇಬ್ಬರು ಮಕ್ಕಳ ತಂದೆ. ಬಸವನಗುಡಿಯಲ್ಲಿ ಅಮ್ಮನ ಮನೆಯಲ್ಲೇ ಇರುವವರೆಲ್ಲ ಹುಡುಗರೇ. ಲ್ಯಾಪ್‌ಟಾಪ್ ತಂದು ಖಜಾಂಚಿಗಳ ಊಟದ ಮೇಜಿನ ಮೇಲೆ ಕರಿಯ ಪರದೆ ತೆರೆದ. ಸುತ್ತ ನಾವು, ಅಡುಗೆಮನೆಯಿಂದ ಕಾಫಿಯ ವಾಸನೆ.

ಮೊದಲು ಪಿಂಗ್ ಮಾಡಿದ. ಮುಂಬೈ ಯಂತ್ರ ಟಕಟಕನೆ ಉತ್ತರ ಕೊಟ್ಟಿತು. ‘ಬಂತಲ್ಲಪ್ಪ!’ ಎಂದರು ಖಜಾಂಚಿಗಳು. ‘ಇದು ಯಂತ್ರ ಬದುಕಿದೆ ಅಂತಷ್ಟೇ ಅಂಕಲ್. ಡೇಟಾಬೇಸ್ ಮಾತಾಡೋದು 3306ನೇ ಪೋರ್ಟ್‌ನಲ್ಲಿ. ಅಲ್ಲಿ ಯಾರಿದ್ದಾರೆ ನೋಡ್ಬೇಕು.’ ಅವನು ಇನ್ನೊಂದು ಮಾತು ಹೇಳಿದ: ‘ಇಲ್ಲ ಅಂದಿದ್ದು ಯಾರು ಅನ್ನೋದನ್ನ ಮೊದಲು ಹಿಡೀಬೇಕು. ಯಾಕೆ ಅನ್ನೋದು ಆಮೇಲೆ ತಾನಾಗೇ ಗೊತ್ತಾಗುತ್ತೆ.’

ವರ್ಡ್‌ಪ್ರೆಸ್‌ನ ಸಂರಚನೆಯ ಕಡತ ತೆರೆದರೆ ಡೇಟಾಬೇಸ್ ಎಲ್ಲಿದೆ ಎಂಬ ಜಾಗದಲ್ಲಿ ‘ಲೋಕಲ್‌ಹೋಸ್ಟ್’ ಎಂದಿತ್ತು. ಅಂದರೆ ‘ಇಲ್ಲೇ’. ಹಳೆಯ ಯಂತ್ರದಲ್ಲಿ ಎರಡೂ ಒಟ್ಟಿಗಿದ್ದಾಗ ಅದು ಸರಿಯೇ. ಸಾಗಿಸಿದವರು ಹೊಸ ಕಡತದಲ್ಲೂ ಅದನ್ನೇ ಬರೆದಿದ್ದರು, ವೆಬ್‌ಸೈಟ್ ಪಾಪ ತನ್ನ ಹೊಸ ಮನೆಯಲ್ಲೇ ಡೇಟಾಬೇಸಿಗಾಗಿ ಹುಡುಕುತ್ತಿತ್ತು. ಇದರಲ್ಲೊಂದು ವಿಚಿತ್ರವಿದೆ. ನಮ್ಮ ಡೇಟಾಬೇಸನ್ನು ನಡೆಸುವ ಮೈಎಸ್‌ಕ್ಯೂಎಲ್ ತಂತ್ರಾಂಶಕ್ಕೆ ಲೋಕಲ್‌ಹೋಸ್ಟ್ ಎಂದು ಹೇಳಿದರೆ ಲಿನಕ್ಸ್ ಯಂತ್ರದಲ್ಲಿ ಅದು ನೆಟ್‌ವರ್ಕ್ ಕಡೆ ತಲೆ ಹಾಕುವುದೇ ಇಲ್ಲ. ಡಿಸ್ಕಿನಲ್ಲಿ ಸಾಕೆಟ್ ಎಂಬ ಒಂದು ಕಡತ ಹುಡುಕಿ, ಸಿಗದೆ, 2002 ಎಂಬ ದೋಷ ಹೇಳುತ್ತದೆ. ಅದೇ 127.0.0.1 ಎಂದು ಬರೆದರೆ ನೆಟ್‌ವರ್ಕಿನ ಮೂಲಕ ಹೋಗುತ್ತದೆ. ಎರಡರ ಅರ್ಥವೂ ‘ಇಲ್ಲೇ’. ಆದರೆ ಹೋಗುವ ದಾರಿ ಬೇರೆ. ಮಾಧ್ವರಿಗೂ ಸ್ಮಾರ್ತರಿಗೂ ಏಕಾದಶಿ ಬೇರೆ ದಿನ ಬಂದಾಗ ಅಭ್ಯಾಸವಿರುವ ನಮ್ಮ ಸಮಿತಿ ಇದನ್ನು ತಕ್ಷಣ ಅರ್ಥಮಾಡಿಕೊಂಡಿತು.

ಹುಡುಗ ಮುಂಬೈ ಯಂತ್ರದ ವಿಳಾಸ ಹಾಕಿ ಮತ್ತೆ ಒತ್ತಿದ. ಏನೂ ಆಗಲಿಲ್ಲ. ದೋಷವೂ ಬರಲಿಲ್ಲ. ಕರ್ಸರ್ ಮಿನುಗುತ್ತಾ ಕೂತಿತು. ಕಾಫಿ ಬಂತು, ಕುಡಿದೆವು, ಲೋಟ ಒಳಗೆ ಹೋಯಿತು. ಆಮೇಲೆ 2003, ಆವರಣದಲ್ಲಿ 110. ಹುಡುಗ ತಲೆಯಾಡಿಸಿದ. ‘110 ಅಂದ್ರೆ ಕಾದು ಕಾದು ಸಾಕಾಯ್ತು ಅಂತ. ಯಾರೂ ಇಲ್ಲ ಅಂತಾನೂ ಹೇಳ್ತಿಲ್ಲ, ಹೌದು ಅಂತಾನೂ ಹೇಳ್ತಿಲ್ಲ. ಮಧ್ಯೆ ಫೈರ್‌ವಾಲ್ ನಮ್ಮ ಮಾತನ್ನ ನುಂಗ್ತಾ ಇದೆ.’

ಅದು ನುಂಗುತ್ತಿದ್ದದ್ದು ಮುಂಬೈ ಕಡೆಯಲ್ಲಿ. ಆ ಯಂತ್ರದ ಸುತ್ತಲಿನ ಫೈರ್‌ವಾಲ್ 3306ಕ್ಕೆ ಹೊರಗಿನಿಂದ ಯಾರೇ ಬಂದರೂ ಉತ್ತರ ಕೊಡದೆ ಬಿಸಾಕುವಂತೆ ಹೇಳಿಸಿಕೊಂಡಿತ್ತು. ವೆಬ್‌ಸೈಟು ಒಳಗೇ ಇದ್ದಷ್ಟು ದಿನ ಹೊರಗಿನವರಿಗೆ ಅಲ್ಲಿ ಕೆಲಸವಿರಲಿಲ್ಲ, ನ್ಯಾಯವೇ. ಹುಡುಗ ಹೊಸ ವೆಬ್‌ಸೈಟಿನ ವಿಳಾಸವೊಂದಕ್ಕೆ ಮಾತ್ರ ಅನುಮತಿ ಬರೆದ. ‘ಎಲ್ಲರಿಗೂ ಬಿಟ್ಟುಬಿಡು ಮಾರಾಯ, ದೇವರ ಕೆಲಸ’ ಎಂದರು ಒಬ್ಬರು. 3306ನ್ನು ಜಗತ್ತಿಗೆಲ್ಲ ತೆರೆದಿಟ್ಟರೆ ಕೆಲವೇ ಗಂಟೆಗಳಲ್ಲಿ ಊರೂರಿನ ಕಳ್ಳ ಪ್ರೋಗ್ರಾಮುಗಳು ಬಂದು ಪಾಸ್‌ವರ್ಡ್ ಊಹಿಸಲು ಕೂರುತ್ತವೆ, ಅವಕ್ಕೆ ಏಕಾದಶಿಯೂ ಇಲ್ಲ ದ್ವಾದಶಿಯೂ ಇಲ್ಲ ಎಂದು ಹುಡುಗ ವಿವರಿಸಿದ ಮೇಲೆ ಅವರು ಗೋತ್ರದ ಚಿಂತೆಯಲ್ಲಿ ಮುಳುಗಿದರು.

ಮತ್ತೆ ಒತ್ತಿದ. ಈ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ: 2003, ಆವರಣದಲ್ಲಿ 111. ಹುಡುಗ ‘ವಾಹ್’ ಎಂದ.

‘ಆಯ್ತೇನಪ್ಪ?’

‘ಇಲ್ಲ ಅಂಕಲ್, ರೆಫ್ಯೂಸ್ ಮಾಡ್ತು.’

‘ಇಲ್ಲ ಅಂದಿದ್ದಕ್ಕೆ ಇಷ್ಟು ಸಂತೋಷವೇನೋ?’

‘ಇಲ್ಲ ಅನ್ನೋಕೆ ಅಲ್ಲಿ ಒಬ್ಬರಿದ್ದಾರೆ ಅಂತಾಯ್ತಲ್ಲ ಅಂಕಲ್. ಆಗಲೇ ಅದೂ ಇರ್ಲಿಲ್ಲ.’

ರಿಪೇರಿಯವರ ಲೋಕದಲ್ಲಿ ದೋಷದ ಸಂಖ್ಯೆ ಬದಲಾದರೆ ಅದೇ ಹಬ್ಬ. ಒಂದೇ ದೋಷ ಪದೇಪದೇ ಬರುತ್ತಿದ್ದರೆ ನೀವು ಏನೂ ಮಾಡಿಲ್ಲ ಎಂದರ್ಥ. ಬೇರೆ ದೋಷ ಬಂದರೆ ಒಂದು ಗಂಟು ಬಿಚ್ಚಿಕೊಂಡಿದೆ. ಖಜಾಂಚಿಗಳಿಗೆ ಮಾತ್ರ ಇದು ಸಮ್ಮತವಾಗಲಿಲ್ಲ. ‘ಹೊಸ ತೊಂದರೆ ಬಂತೂಂತ ಯಾರಾದರೂ ಖುಷಿಪಡ್ತಾರೇನ್ರೀ? ಅಡ್ವಾನ್ಸ್ ವಾಪಸ್ ಬಂದ ಹಾಗೆ ಆಡ್ತಾನಲ್ಲ!’

111ರ ಕಾರಣ ಬೇರೆ. ಉಬುಂಟು, ಡೆಬಿಯನ್ ಯಂತ್ರಗಳಲ್ಲಿ ಮೈಎಸ್‌ಕ್ಯೂಎಲ್ ಹಾಕಿದಾಗ ಅದು ಸಾಮಾನ್ಯವಾಗಿ 127.0.0.1ಕ್ಕೆ ಮಾತ್ರ ಕಿವಿಗೊಡುವಂತೆ ಬಂದಿರುತ್ತದೆ. ಬೈಂಡ್ ಅಡ್ರೆಸ್ ಎಂದು ಕಡತದಲ್ಲಿ ಒಂದು ಸಾಲು. ತನ್ನ ಯಂತ್ರದ ಒಳಗಿಂದ ಕರೆದರೆ ಓಗೊಡುತ್ತದೆ, ಹೊರಗಿನಿಂದ ಯಾರು ಎಷ್ಟು ಕೂಗಿದರೂ ಡೇಟಾಬೇಸಿಗೆ ಕೇಳಿಸುವುದೇ ಇಲ್ಲ. ಆ ಪೋರ್ಟಿನಲ್ಲಿ ಯಾರೂ ಇಲ್ಲ ಎಂದು ಯಂತ್ರವೇ ಹೇಳಿ ಕಳಿಸುತ್ತದೆ. ಹುಡುಗ ಸಾಲು ತಿದ್ದಿ ಮೈಎಸ್‌ಕ್ಯೂಎಲ್ ಅನ್ನು ಮತ್ತೆ ಎಬ್ಬಿಸಿದ. ನಮ್ಮ ಪುಣ್ಯಕ್ಕೆ ವೆಬ್‌ಸೈಟಿನ ಯಂತ್ರವೂ ಉಬುಂಟುವೇ. ರೆಡ್‌ಹ್ಯಾಟ್ ಮನೆತನದ ಲಿನಕ್ಸ್ ಆಗಿದ್ದರೆ ಎಸ್‌ಇಲಿನಕ್ಸ್ ಎಂಬ ಇನ್ನೊಬ್ಬ ಕಾವಲುಗಾರ ಇರುತ್ತಾನೆ. ಅಲ್ಲಿ ಕರಿಯ ಪರದೆಯಿಂದ ಕೈಯಾರೆ ಕರೆದರೆ ಡೇಟಾಬೇಸ್ ಬರುತ್ತದೆ, ವೆಬ್‌ಸೈಟ್ ಕರೆದರೆ ಬರುವುದಿಲ್ಲ. ವೆಬ್ ಸರ್ವರ್ ಹೊರಗಿನ ಡೇಟಾಬೇಸಿನ ಜೊತೆ ಮಾತಾಡಬಹುದು ಎಂದು ಪ್ರತ್ಯೇಕ ಅಪ್ಪಣೆ ಕೊಡಿಸಬೇಕು. ಇದು ಗೊತ್ತಿಲ್ಲದೆ ಒಬ್ಬ ಸ್ನೇಹಿತ ಮಲ್ಲೇಶ್ವರದ ತನ್ನ ಮನೆಯಲ್ಲಿ ರಾತ್ರಿಯಿಡೀ ಕೂತು, ಬೆಳಿಗ್ಗೆ ಸಿಟಿಆರ್ ಬಾಗಿಲು ತೆಗೆಯುವ ಹೊತ್ತಿಗೆ ಬೆಣ್ಣೆ ದೋಸೆ ತಿನ್ನಲು ಹೋದನೆಂದು ಹುಡುಗ ಹೇಳಿದ. ದೋಸೆಯ ವಿಷಯ ಬಂದದ್ದರಿಂದ ವಿದ್ಯಾರ್ಥಿ ಭವನವೋ ಸಿಟಿಆರೋ ಎಂಬ ಹಳೆಯ ಮೊಕದ್ದಮೆ ಮತ್ತೆ ತೆರೆದು, ಡೇಟಾಬೇಸ್ ಸ್ವಲ್ಪ ಹೊತ್ತು ಮೂಲೆಗೆ ಬಿತ್ತು. ನಮ್ಮ ತೀರ್ಪು ಯಾವ ಕಡೆಗೆ ಎಂದು ಹೇಳಬೇಕಾಗಿಲ್ಲ, ನಾವು ಬಸವನಗುಡಿಯವರು.

ಹುಡುಗ ಈಗ ಟೆಲ್‌ನೆಟ್ ಎಂಬ ಹಳೆಯ ಉಪಾಯದಿಂದ 3306ನ್ನು ತಟ್ಟಿದ. ಎಲ್ಲ ಸರಿಯಿದ್ದರೆ ಮೈಎಸ್‌ಕ್ಯೂಎಲ್ ತನ್ನ ಆವೃತ್ತಿಯ ಸಂಖ್ಯೆ ಹೇಳಿ, ಆಮೇಲೆ ಅರ್ಥವಾಗದ ಚುಕ್ಕಿ, ಕೊಂಬು, ಪ್ರಶ್ನೆಚಿಹ್ನೆಗಳನ್ನು ಪರದೆಯ ಮೇಲೆ ಉಗುಳುತ್ತದೆ. ನಮಗೆ ಅದು ಬರಲಿಲ್ಲ. ಸ್ವಚ್ಛ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬಂತು. ದೋಷ ಸಂಖ್ಯೆ 1130: ಇಂಥ ವಿಳಾಸದಿಂದ ಬಂದವರಿಗೆ ಈ ಸರ್ವರ್‌ಗೆ ಪ್ರವೇಶವಿಲ್ಲ.

ಇನ್ನೂ ಹೆಸರು ಕೇಳಿಲ್ಲ, ಪಾಸ್‌ವರ್ಡ್ ಕೇಳಿಲ್ಲ. ಊರು ನೋಡಿಯೇ ವಾಪಸ್ ಕಳಿಸಿತು.

ಇಲ್ಲಿಗೆ ಬಂದಾಗ ನನಗೆ ಈ ಡೇಟಾಬೇಸಿನ ಮೇಲೆ ಮೊದಲ ಬಾರಿ ಪ್ರೀತಿ ಹುಟ್ಟಿತು. ಮೈಎಸ್‌ಕ್ಯೂಎಲ್‌ನಲ್ಲಿ ಒಬ್ಬ ಬಳಕೆದಾರ ಎಂದರೆ ಬರೀ ಹೆಸರಲ್ಲ. ಹೆಸರು ಮತ್ತು ಅವನು ಬರುವ ಊರು, ಎರಡೂ ಸೇರಿ ಒಬ್ಬ ಆಸಾಮಿ. ಇದು ಹಳೇ ಮೈಸೂರಿನ ಪದ್ಧತಿಯಲ್ಲವೇ! ನಮ್ಮಲ್ಲಿ ಎಷ್ಟೋ ಮಂದಿಯ ಹೆಸರಿನ ಮೊದಲ ಅಕ್ಷರ ಊರಿನದು. ಬಾಡಿಗೆ ಮನೆ ಕೇಳಲು ಹೋದರೂ, ಹೆಣ್ಣು ನೋಡಲು ಹೋದರೂ, ಪಾರ್ಕಿನಲ್ಲಿ ಪಕ್ಕ ಕೂತರೂ ಮೊದಲ ಪ್ರಶ್ನೆ ‘ಯಾವ ಊರಾಯ್ತು ತಮ್ಮದು?’ ಅದಕ್ಕೆ ಉತ್ತರ ಸರಿಬಂದರೆ ಮಾತ್ರ ಮುಂದಿನ ಮಾತು. ಫಿನ್ಲೆಂಡಿನಲ್ಲಿ ಹುಟ್ಟಿದವರಿಗೆ ಇದು ಹೇಗೆ ತಿಳಿಯಿತೋ. ಮೈಎಸ್‌ಕ್ಯೂಎಲ್ ಕಟ್ಟಿದವರಲ್ಲಿ ಮುಖ್ಯರಾದ ಮೈಕೆಲ್ ವಿಡೇನಿಯಸ್ ಅಲ್ಲಿಯವರು. 1995ರಲ್ಲಿ ಹೊರಬಂದ ಆ ಡೇಟಾಬೇಸಿಗೆ ಹಿರಿಮಗಳ ಹೆಸರು ಇಟ್ಟರು, 2009ರಲ್ಲಿ ಅದರಿಂದ ಕವಲೊಡೆದ ಮರಿಯಾಡಿಬಿಗೆ ಕಿರಿಮಗಳು ಮರಿಯಾಳ ಹೆಸರು, ನಡುವೆ ಮಗ ಮ್ಯಾಕ್ಸ್‌ನ ಹೆಸರಿನಲ್ಲೂ ಒಂದು. ಮಕ್ಕಳ ಹೆಸರಿನ ಬೋರ್ಡು ಹಾಕುವುದರಲ್ಲೂ ಗಾಂಧಿಬಜಾರಿನ ಅಂಗಡಿಯವರ ಮನೋಧರ್ಮವೇ.

ಆದರೆ ಈ ಪದ್ಧತಿಯಲ್ಲಿ ಒಂದು ಎಡವಟ್ಟಿದೆ, ಮೈಸೂರಿನಲ್ಲೂ ಮೈಎಸ್‌ಕ್ಯೂಎಲ್‌ನಲ್ಲೂ. ಹೆಸರಿನಲ್ಲಿರುವ ಊರಿಗೂ ಆಸಾಮಿ ಈಗ ಇರುವ ಊರಿಗೂ ತಾಳೆಯಾಗಬೇಕಲ್ಲ! ಡಿ.ವಿ.ಜಿ.ಯವರ ‘ಡಿ’ ದೇವನಹಳ್ಳಿ, ಹುಟ್ಟಿದ್ದು ಮುಳಬಾಗಿಲಿನಲ್ಲಿ, 1945ರಲ್ಲಿ ಗೋಖಲೆ ಸಂಸ್ಥೆ ಕಟ್ಟಿದ್ದು ಬೆಂಗಳೂರಿನಲ್ಲಿ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿ, ಹೆಸರಿನಲ್ಲಿರುವ ಮೋಕ್ಷಗುಂಡಂ ಆಂಧ್ರದಲ್ಲಿದೆ. ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರ ‘ಎಚ್’ ಗೌರಿಬಿದನೂರಿನ ಹತ್ತಿರದ ಹೊಸೂರು, ಬಾಳೆಲ್ಲ ಕಳೆದದ್ದು ಬಸವನಗುಡಿಯ ಹಾಸ್ಟೆಲ್ ಕೋಣೆಯಲ್ಲಿ. ಈ ಮೂವರು ಮಹನೀಯರೂ ನಮ್ಮ ಮುಂಬೈ ಡೇಟಾಬೇಸಿನ ಮುಂದೆ ನಿಂತರೆ, ಹೆಸರು ಸರಿ, ಇನಿಶಿಯಲ್ ಸರಿ, ಬಂದ ಜಾಗ ಬೇರೆ ಎಂದು 1130 ಹೇಳಿ ಕಳಿಸಿಬಿಡುತ್ತಿತ್ತು. ನಮ್ಮ ವೆಬ್‌ಸೈಟಿಗೂ ಆದದ್ದು ಅಷ್ಟೇ. ಡೇಟಾಬೇಸಿನ ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಇನ್ನೂ ‘ಲೋಕಲ್‌ಹೋಸ್ಟ್’ ಎಂಬ ಹಳೆಯ ಊರೇ ಇತ್ತು. ಮನೆ ಬದಲಾಯಿಸಿದವರು ಅಂಚೆಯವನಿಗೂ ಹಾಲಿನವನಿಗೂ ಹೇಳಿದ್ದರು, ಇದಕ್ಕೆ ಮಾತ್ರ ಹೇಳಿರಲಿಲ್ಲ.

‘ಹೊಸ ವಿಳಾಸದ ಹೆಸರಲ್ಲಿ ಇನ್ನೊಂದು ಖಾತೆ ಬರೀಬೇಕು’ ಎಂದ ಹುಡುಗ. ‘ಇರುವ ಹೆಸರಿಗೇ ಸೇರಿಸಪ್ಪ’ ಎಂದರು ಖಜಾಂಚಿಗಳು. ಆಗುವುದಿಲ್ಲ. ಒಂದೇ ಹೆಸರು, ಬೇರೆ ಊರು ಎಂದರೆ ಮೈಎಸ್‌ಕ್ಯೂಎಲ್ ಪಾಲಿಗೆ ಬೇರೆಯೇ ಮನುಷ್ಯ. ಪಾಸ್‌ವರ್ಡ್ ಬೇರೆ, ಅಧಿಕಾರ ಬೇರೆ. ನಮ್ಮ ರಸ್ತೆಯಲ್ಲಿ ಮೂರ್ತಿಗಳಿಗೇನು ಕಡಿಮೆಯೇ, ಇದು ಯಾರಿಗೂ ವಿಶೇಷವೆನಿಸಲಿಲ್ಲ. ಊರಿನ ಜಾಗದಲ್ಲಿ ಶೇಕಡಾ ಚಿಹ್ನೆ ಹಾಕಿದರೆ ಯಾವ ಊರಿಂದ ಬಂದರೂ ಸರಿ ಎಂದರ್ಥವಂತೆ. ಪರದೆಯ ಮೇಲೆ % ಕಂಡದ್ದೇ ಖಜಾಂಚಿಗಳ ಮುಖ ಅರಳಿತು. ‘ಎಷ್ಟು ಪರ್ಸೆಂಟ್ ಕಮ್ಮಿ ಮಾಡ್ತಾರೆ?’ ಹುಡುಗ ಅದನ್ನು ಅಳಿಸಿ ಹೊಸ ಯಂತ್ರದ ವಿಳಾಸವನ್ನೇ ಪೂರ್ತಿ ಬರೆದು, ಪಾಸ್‌ವರ್ಡ್ ಮಾತ್ರ ಹಳೆಯದನ್ನೇ ಇಟ್ಟ.

ಮತ್ತೆ ಒತ್ತಿದ. 1045. ಪ್ರವೇಶ ನಿರಾಕರಿಸಲಾಗಿದೆ, ಇಂಥ ಹೆಸರು, ಇಂಥ ಊರು, ಪಾಸ್‌ವರ್ಡ್ ಬಳಸಲಾಗಿದೆ: ಹೌದು.

‘ಹೌದು ಅಂತಿದೆಯಲ್ಲ, ಇನ್ನೇನು?’ ಎಂದರು ಇಂಜಿನಿಯರರು. ಆ ‘ಹೌದು’ ಎಷ್ಟೋ ಜನರಿಗೆ ಮೋಸ ಮಾಡಿದೆ. ಪಾಸ್‌ವರ್ಡ್ ಸರಿಯಾಗಿದೆ ಎಂದು ಅದು ಹೇಳುತ್ತಿಲ್ಲ; ಏನೋ ಒಂದನ್ನು ಕೊಟ್ಟರು ಎಂದಷ್ಟೇ ಹೇಳುತ್ತಿದೆ. ಖಜಾಂಚಿಗಳು ಬೀರುವಿನಿಂದ ಕೆಂಪು ಪುಸ್ತಕ ತಂದರು. ಕೊನೆಯ ಪುಟದಲ್ಲಿ ಅವರ ಮುತ್ತಿನಂಥ ಅಕ್ಷರದಲ್ಲಿ ಪಾಸ್‌ವರ್ಡ್: ರಾಮಸೇವ ಎಂದು ಇಂಗ್ಲಿಷಿನಲ್ಲಿ, ಎಸ್ ಅಕ್ಷರದ ಬದಲು ಡಾಲರ್ ಚಿಹ್ನೆ. (ಗಾಬರಿಪಡಬೇಡಿ, ಈಗ ಬದಲಾಯಿಸಿದ್ದೇವೆ.) ‘ವಿಶೇಷ ಚಿಹ್ನೆ ಇರಲೇಬೇಕು ಅಂದ್ರು, ಅದಕ್ಕೇ ಡಾಲರ್ ಹಾಕಿದೆ. ಲಕ್ಷ್ಮಿ ಬರಲಿ ಅಂತ.’

ಅಕ್ಷರ ಅಕ್ಷರ ಹೋಲಿಸಿದರೂ ಕಡತದಲ್ಲಿ ಅದೇ ಇತ್ತು. ಹುಡುಗ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಇನ್ನೊಮ್ಮೆ ನೋಡಿದ. ಕಡತವನ್ನು ಹೊಸದಾಗಿ ಟೈಪ್ ಮಾಡಿದವರು ಪಾಸ್‌ವರ್ಡಿನ ಸುತ್ತ ಜೋಡಿ ಉದ್ಧರಣ ಚಿಹ್ನೆ ಹಾಕಿದ್ದರು. ವರ್ಡ್‌ಪ್ರೆಸ್ ಬರೆದಿರುವ ಪಿಎಚ್‌ಪಿ ಭಾಷೆಯಲ್ಲಿ ಒಂಟಿ ಚಿಹ್ನೆಯೊಳಗೆ ಏನಿದ್ದರೂ ಇದ್ದ ಹಾಗೇ ತೆಗೆದುಕೊಳ್ಳುತ್ತದೆ. ಜೋಡಿ ಚಿಹ್ನೆಯೊಳಗೆ ಡಾಲರ್ ಕಂಡರೆ, ಅದರ ಮುಂದಿನ ಅಕ್ಷರಗಳು ಯಾವುದೋ ಚರದ ಹೆಸರು ಎಂದು ತಿಳಿದು ಅದರ ಬೆಲೆಯನ್ನು ಹುಡುಕುತ್ತದೆ. ಅಂಥ ಚರವೇ ಇರಲಿಲ್ಲವಾದ್ದರಿಂದ ಡಾಲರಿನಿಂದ ಮುಂದಿನದೆಲ್ಲ ಮಾಯ. ಡೇಟಾಬೇಸಿಗೆ ಪ್ರತಿ ಸಲ ತಲುಪುತ್ತಿದ್ದದ್ದು ‘ರಾಮ’ ಮಾತ್ರ. ಸೇವೆ ದಾರಿಯಲ್ಲೇ ಬಿದ್ದುಹೋಗುತ್ತಿತ್ತು.

‘ನಮ್ಮ ಸಮಿತಿಯ ಇತಿಹಾಸವನ್ನೇ ಹೇಳಿಬಿಟ್ಟಿತಲ್ಲ ನಿನ್ನ ಕಂಪ್ಯೂಟರು’ ಎಂದರು ಇಂಜಿನಿಯರರು. ಖಜಾಂಚಿಗಳು ಅತ್ತ ನೋಡಿದರು.

ಜೋಡಿ ಹೋಗಿ ಒಂಟಿಯಾದ ಮೇಲೆ ವೆಬ್‌ಸೈಟ್ ತೆರೆಯಿತು. ಪಟ್ಟಾಭಿಷೇಕದ ಚಿತ್ರ, ಕೆಳಗೆ ಸೇವಾಪಟ್ಟಿ, ಎಲ್ಲರ ಗೋತ್ರಗಳೂ ಕ್ಷೇಮ. ಚಪ್ಪಾಳೆಯಾಯಿತು. ಅಮಾವಾಸ್ಯೆಯ ವಾದದವರು ಇವತ್ತು ತಿಥಿ ಒಳ್ಳೆಯದಿತ್ತು ಎಂದು ಷರಾ ಬರೆದರು. ಇಷ್ಟೆಲ್ಲ ಆದರೂ ಇವರಾರೂ ‘ಸರ್ವರ್ ಸರಿಯಾಗೇ ಇತ್ತು’ ಎಂದು ಒಪ್ಪಿಕೊಳ್ಳಲಿಲ್ಲ. ಮರುದಿನ ಪಾರ್ಕಿನಲ್ಲಿ ಹರಡಿದ ಸುದ್ದಿ: ಡೌನ್ ಆಗಿದ್ದ ಸರ್ವರನ್ನು ಎದುರು ಮನೆ ಹುಡುಗ ಮೇಲೆತ್ತಿದನಂತೆ.

ನಿಮ್ಮ ಸಂಘಕ್ಕೋ ಮಠಕ್ಕೋ ಅಪಾರ್ಟ್‌ಮೆಂಟಿಗೋ ಇಂಥದ್ದೊಂದು ವೆಬ್‌ಸೈಟ್ ಇದ್ದರೆ ಒಂದು ಕೆಲಸ ಮಾಡಿ. ‘ಕನೆಕ್ಟ್ ಆಗ್ತಿಲ್ಲ’ ಎಂದು ಹೇಳಿದವರನ್ನು ಹಾಗೇ ಹೋಗಲು ಬಿಡಬೇಡಿ, ನಂಬರ್ ಎಷ್ಟು ಎಂದು ಕೇಳಿ. 110 ಎಂದರೆ ಫೈರ್‌ವಾಲ್ ನೋಡುವವರಿಗೆ ಫೋನ್ ಮಾಡಿ. 111 ಎಂದರೆ ಡೇಟಾಬೇಸ್ ಎದ್ದಿದೆಯೇ, ಹೊರಗಿನವರ ಮಾತಿಗೆ ಕಿವಿಗೊಡುತ್ತಿದೆಯೇ ನೋಡಿಸಿ. 1130ಕ್ಕೆ ಹೊಸ ಊರು ಬರೆಸಿ. 1045 ಆದರೆ ಮನೆಯ ಹಿರಿಯರು ಪಾಸ್‌ವರ್ಡ್ ಬರೆದಿಟ್ಟ ಪುಸ್ತಕ ತರಿಸಿ. 1040 ಎಂದರೆ ಒಳಗೆ ಜನ ತುಂಬಿದ್ದಾರೆ. ಮೈಎಸ್‌ಕ್ಯೂಎಲ್ ತಾನಾಗಿ ಬಿಡುವುದು ಒಮ್ಮೆಗೆ 151 ಸಂಪರ್ಕಗಳನ್ನು ಮಾತ್ರ, ಒಂದು ಕಾಫಿ ಕುಡಿದು ಬಂದರೆ ಜಾಗವಾಗಿರುತ್ತದೆ.

ನಮ್ಮ ಬುಕಿಂಗ್ ಈಗ ಸುಸೂತ್ರ. ನವಮಿಯ ಪಾನಕ ಮಾತ್ರ ವೆಬ್‌ಸೈಟ್ ಮಲಗಿದ್ದ ದಿನಗಳಲ್ಲಿ ಕೆಂಪು ಪುಸ್ತಕದಲ್ಲಿ ಬರೆದಾಗಿತ್ತು, ಯಾರ ಹೆಸರಿಗೆ ಎಂದು ಹೇಳಬೇಕಾಗಿಲ್ಲ. ಪಂಚಮಿಯ ಕೋಸಂಬರಿ ಇನ್ನೂ ಖಾಲಿಯಿದೆ. ಬೇಕಾದವರು ಬೇಗ ಬುಕ್ ಮಾಡಿ, ಗೋತ್ರ-ನಕ್ಷತ್ರ ಸರಿಯಾಗಿ ತುಂಬಿ. ದಯವಿಟ್ಟು ಎಲ್ಲೂ ಡಾಲರ್ ಚಿಹ್ನೆ ಹಾಕಬೇಡಿ.